ಹೆರಿಗೆ ವಾರ್ಡಿನ ಪಟ್ಟಿಯಕ್ಕ

ನನ್ನ ಓರಗಿತ್ತಿಗೆ ಆಸ್ಪತ್ರೆಯಲ್ಲಿ ಪಟ್ಟಿಯಕ್ಕ ಎಂದೇ ಹೆಸರು. ಹುಟ್ಟಿದ ಮಗುವಿನ ಕಾಲಿಗೆ ಪಟ್ಟಿ ಕಟ್ಟುವವಳು ಅವಳು, ಅದಕ್ಕೆ. ಮನೆಯಲ್ಲಿ ನಾನು ಅವಳನ್ನು ‘ಏ ಇವಳೇ’ ಎನ್ನುತ್ತೇನೆ, ಅವಳು ನನ್ನನ್ನು ‘ಅಕ್ಕ’ ಎನ್ನುತ್ತಾಳೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ಅವರಿಬ್ಬರೂ ಹೋದರು, ನಾವಿಬ್ಬರೂ ಉಳಿದೆವು. ಎರಡು ಜಡೆ ಒಂದು ಕಡೆ ಇರುವುದಿಲ್ಲ ಎಂದು ಗಾದೆ. “ಈಗ ಇಬ್ಬರ ತಲೇಲೂ ಜಡೆ ಹಾಕೋವಷ್ಟು ಕೂದಲಿಲ್ಲವಲ್ಲ, ಅದಕ್ಕೇ ಹೊಂದ್ಕೊಂಡಿದೀವಿ” ಎಂದು ಅವಳು ಬಂದವರನ್ನು ನಗಿಸುತ್ತಾಳೆ.

ಆಸ್ಪತ್ರೆಯಲ್ಲಿ ಅವಳು ಮೊದಲು ಸೇರಿದ್ದು ಬಟ್ಟೆ ಕೋಣೆಗೆ. ಅದು ನೆಲಮಾಳಿಗೆಯಲ್ಲಿದೆ, ಕಿಟಕಿ ಇಲ್ಲ. ದೊಡ್ಡ ಯಂತ್ರಗಳಲ್ಲಿ ರೋಗಿಗಳ ಹಾಸಿಗೆಯ ಬಟ್ಟೆ ಬೇಯುತ್ತಿರುತ್ತದೆ. ಹಬೆ ಗೋಡೆಗೆ ತಾಗಿ ನೀರಾಗಿ ಇಳಿಯುತ್ತಿರುತ್ತದೆ. ಸೋಪಿನ ಪುಡಿಗೆ ಅವಳ ಬೆರಳ ಸಂದಿಗಳೆಲ್ಲ ಬಿರಿದು, ಊಟ ಕಲಸುವಾಗ ಉಪ್ಪು ತಾಗಿದರೆ ಹಲ್ಲು ಕಚ್ಚುತ್ತಿದ್ದಳು. ಅಲ್ಲಿ ಬಹಳ ವರ್ಷ ಸವೆದ ಮೇಲೆ ಅವಳನ್ನು ಮೇಲಿನ ಹೆರಿಗೆ ವಾರ್ಡಿಗೆ ಹಾಕಿದರು. ಎಳೆ ಮಕ್ಕಳಿಗೆ ಸ್ನಾನ ಮಾಡಿಸುವುದು, ಒರೆಸಿ ಸುತ್ತಿ ತಾಯಿಯ ಪಕ್ಕಕ್ಕೆ ಕೊಡುವುದು ಕೆಲಸ. ಆ ದಿನ ಮನೆಗೆ ಬಂದು, “ಅಕ್ಕ, ಅಲ್ಲಿ ಕಿಟಕಿ ಇದೆ” ಎಂದಳು. ಹೊಟ್ಟೆ ತುಂಬಿದವಳಂತೆ ಮಲಗಿಬಿಟ್ಟಳು.

ಎಳೆ ಮಗುವನ್ನು ನೀರಿಗೆ ಇಳಿಸುವುದು ಎಲ್ಲರಿಗೂ ಬರುವುದಿಲ್ಲ. ಅವಳು ಎಡಗೈಯ ಮೇಲೆ ಕುತ್ತಿಗೆ ಇಟ್ಟುಕೊಂಡು, ಮೊದಲು ಹಿಮ್ಮಡಿಯನ್ನು ಮಾತ್ರ ನೀರಿಗೆ ತಾಗಿಸುತ್ತಾಳೆ. ಮಗು ಬೆಚ್ಚಿ ಕಾಲೆಳೆದುಕೊಳ್ಳುತ್ತದೆ, ಆಮೇಲೆ ತಾನೇ ಚಾಚುತ್ತದೆ. ಚಾಚಿದ ಮೇಲೆ ಪೂರ್ತಿ ಇಳಿಸುತ್ತಾಳೆ. ಅಳದೆ ಸ್ನಾನ ಮುಗಿಸುವ ಮಕ್ಕಳು ಅವಳ ಕೈಯಲ್ಲಿ ಹೆಚ್ಚು. ಬಾಣಂತಿಯರು, “ನಮ್ಮನೇಗೇ ಬಂದ್ಬಿಡಿ ಅಕ್ಕ” ಎನ್ನುತ್ತಿದ್ದರು. “ಬರ್ತೀನಿ ಕಣಮ್ಮ, ನಿಮ್ಮತ್ತೆ ಒಪ್ಪಿದ್ರೆ” ಎನ್ನುತ್ತಿದ್ದಳು.

ಒಂದು ವರ್ಷ ಆ ಆಸ್ಪತ್ರೆಗೆ ಮಕ್ಕಳನ್ನು ಕಾಯುವ ಯಂತ್ರ ಬಂತು. ಬೇರೆಲ್ಲೋ ಒಂದು ಆಸ್ಪತ್ರೆಯಿಂದ ಯಾರೋ ಮಗು ಎತ್ತಿಕೊಂಡು ಹೋಗಿದ್ದರಂತೆ, ಅದರ ಸುದ್ದಿ ಹಬ್ಬಿತ್ತು. ಯಂತ್ರದ ವಿಷಯ ಇಷ್ಟೆ. ಮಗುವಿನ ಕಾಲಿಗೆ ಒಂದು ಮೆತ್ತನೆಯ ಪಟ್ಟಿ, ಪಟ್ಟಿಗೆ ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ. ಆ ಬಿಲ್ಲೆ ವಾರ್ಡಿನ ಬಾಗಿಲ ಹತ್ತಿರ ಬಂದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಗಂಟೆ ಕೂಗುತ್ತದೆ. ಪಟ್ಟಿಯನ್ನು ಕತ್ತರಿಸಿದರೂ ಕೂಗುತ್ತದೆ, ಕಳಚಿದರೂ ಕೂಗುತ್ತದೆ. ಗಂಟೆ ಎಂದು ಅವರೆಲ್ಲ ಕರೆದರೂ ಅದು ಗಂಟೆಯ ಸದ್ದಲ್ಲ. ತಗಡಿನ ಮೇಲೆ ತಗಡು ಎಳೆದ ಹಾಗೆ, ಹಲ್ಲಿನ ಬುಡಕ್ಕೆ ಹೋಗಿ ನಾಟುತ್ತದೆ. ಮಗುವನ್ನು ಮನೆಗೆ ಕಳಿಸುವ ದಿನ ನರ್ಸು ಯಂತ್ರದಲ್ಲಿ ಒಪ್ಪಿಗೆ ಒತ್ತಿ, ಆಮೇಲೆ ಪಟ್ಟಿ ಕತ್ತರಿಸುತ್ತಾಳೆ.

ಪಟ್ಟಿ ಕಟ್ಟುವ ಕೆಲಸ ನಮ್ಮವಳ ಪಾಲಿಗೆ ಬಂತು. ತೀರ ಬಿಗಿ ಆಗಬಾರದು, ತೀರ ಸಡಿಲ ಆಗಬಾರದು. ಆದರೆ ಹುಟ್ಟಿದ ಮಗುವಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತದೆ. ಹುಟ್ಟಿದಾಗ ಸರಿಯಾಗಿದ್ದ ಪಟ್ಟಿ ಆಮೇಲೆ ಜಾರುತ್ತದೆ. ಜಾರದಿರಲೆಂದು ಬಿಗಿದರೆ ಆ ಎಳೆ ಚರ್ಮ ಕೆಂಪಾಗಿ ಗೆರೆ ಬೀಳುತ್ತದೆ. ಒಂದು ಮಗುವಿನ ಕಾಲಿನಲ್ಲಿ ಹೀಗೆ ಗೆರೆ ಬಿದ್ದು, ಅದರ ತಾಯಿ ಅತ್ತುಬಿಟ್ಟಳು. “ಕೈದಿಗೆ ಹಾಕೋ ಹಾಗೆ ಹಾಕಿದೀರಲ್ಲ ಅಕ್ಕ” ಎಂದಳಂತೆ. ಆ ಮಾತು ಇವಳಿಗೆ ಚುಚ್ಚಿತು. ಮನೆಗೆ ಬಂದು ನನ್ನ ಹಳೆಯ ಹತ್ತಿ ಸೀರೆಯೊಂದನ್ನು ಕೇಳಿದಳು. ತೊಳೆದು, ಬಿಸಿನೀರಲ್ಲಿ ಕುದಿಸಿ, ಬೆರಳಗಲದ ಪಟ್ಟೆಗಳಾಗಿ ಹರಿದಳು. ಮಾರನೆಯ ದಿನದಿಂದ ಪ್ರತಿ ಮಗುವಿನ ಕಾಲಿಗೂ ಪಟ್ಟಿಯ ಅಡಿ ಹಿಮ್ಮಡಿಯ ಕಡೆಗೆ ಒಂದು ಮಡಿಕೆ ಬಟ್ಟೆ ಇಟ್ಟು ಕಟ್ಟತೊಡಗಿದಳು. ಗೆರೆ ಬೀಳುವುದು ನಿಂತಿತು, ಪಟ್ಟಿ ಜಾರುವುದೂ ನಿಂತಿತು. ವಾರ್ಡಿನ ಹಿರಿಯ ನರ್ಸು, ಎಲ್ಲರೂ ಸಿಸ್ಟರ್ ಎನ್ನುತ್ತಿದ್ದವರು, ನೋಡಿ, “ಒಳ್ಳೇದಾಯ್ತು ಬಿಡಮ್ಮ” ಎಂದರು.

ಆದರೆ ಗಂಟೆ ಸುಮ್ಮಸುಮ್ಮನೆ ಕೂಗಲು ಶುರುವಾಯಿತು.

ತಾಯಿಯ ಪಕ್ಕದಲ್ಲಿ ಹಾಯಾಗಿ ಮಲಗಿದ ಮಗು ಒಮ್ಮೆ ಕಾಲು ಒದ್ದರೆ ಸಾಕು, ಬಾಗಿಲು ಮುಚ್ಚಿಕೊಂಡು ಕೂಗು ಏಳುತ್ತಿತ್ತು. ಮೊದಮೊದಲು ಎಲ್ಲರೂ ಓಡುತ್ತಿದ್ದರು. ನರ್ಸುಗಳು ಕೈಯಲ್ಲಿದ್ದ ಸೂಜಿ ಬಿಟ್ಟು ಓಡುತ್ತಿದ್ದರು. ಬಾಣಂತಿಯರು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎದ್ದು ಮಗುವನ್ನು ಅವಚಿಕೊಳ್ಳುತ್ತಿದ್ದರು. ಹೋಗಿ ನೋಡಿದರೆ ಮಗು ಅಲ್ಲೇ ಇರುತ್ತಿತ್ತು, ಪಟ್ಟಿಯೂ ಇರುತ್ತಿತ್ತು. ದಿನವೂ ಇದೇ. ಒಂದು ದಿನ ಒಳಗೆ ಕಷ್ಟದ ಹೆರಿಗೆ ನಡೆಯುತ್ತಿದ್ದಾಗ ಕೂಗಿ, ದೊಡ್ಡ ಡಾಕ್ಟರು ಹೊರಗೆ ಬಂದು ಎಲ್ಲರ ಮುಂದೆ ಸಿಸ್ಟರಿಗೆ ಬೈದರು. ಬೈಗಳು ಮೇಲಿನಿಂದ ಕೆಳಗೆ ಇಳಿಯುವುದು ಗೊತ್ತಿದ್ದದ್ದೇ. ಸಿಸ್ಟರ್ ನಮ್ಮವಳನ್ನು ಕರೆದರು.

“ಪಟ್ಟಿ ಕಟ್ಟೋಳು ನೀನು. ನೀನು ಸರಿಯಾಗಿ ಕಟ್ಟಿದ್ರೆ ಇದು ಯಾಕೆ ಕೂಗುತ್ತೆ?”

“ಸರಿಯಾಗೇ ಕಟ್ತಿದೀನಮ್ಮ.”

“ಇನ್ನೊಂದ್ಸಲ ನಿನ್ನ ಪಾಳೀಲಿ ಸುಮ್ಮನೆ ಕೂಗಿದ್ರೆ ನಿನ್ನ ಮತ್ತೆ ಬಟ್ಟೆ ಕೋಣೆಗೇ ಕಳಿಸ್ತೀನಿ. ನನ್ನ ಕೈಲೂ ಆಗ್ತಿಲ್ಲ.”

ಆ ದಿನ ಅವಳು ಮನೆಗೆ ಬಂದು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತಳು. ಕಿವಿಯಲ್ಲಿ ಕೂಗು ಇನ್ನೂ ನಿಂತಿರಲಿಲ್ಲ. ಒಲೆಯ ಮೇಲಿನ ಕುಕ್ಕರ್ ಸಿಳ್ಳೆ ಹಾಕಿದರೂ ಬೆಚ್ಚುತ್ತಿದ್ದಳು.

“ಮತ್ತೆ ಆ ಹಬೆಗೆ ಹೋಗಲಾರೆ ಅಕ್ಕ,” ಎಂದಳು. “ಕೈ ಈಗ ತಾನೇ ಮಾಯ್ದಿದೆ.”

“ಕೈ ಒಂದೇನಾ?” ಎಂದೆ.

“ಮಕ್ಕಳೂ ಹೌದು ಅನ್ನು. ಸುಳ್ಳು ಯಾಕೆ ಹೇಳಲಿ? ದಿನಾ ಒಂದು ಹೊಸ ಮುಖ ನೋಡ್ತೀನಿ. ಆ ಮುಖಕ್ಕೆ ನನ್ನ ಮೇಲೆ ಯಾವ ದೂರೂ ಇರಲ್ಲ.”

ವಾರ್ಡಿನ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂರುತ್ತಿದ್ದ. ಕೂತ ಕುರ್ಚಿಯಿಂದ ಎದ್ದದ್ದನ್ನು ಯಾರೂ ನೋಡಿಲ್ಲವೆಂದು ಅವನಿಗೆ ಕುರ್ಚಿಯಣ್ಣ ಎಂದು ಹೆಸರು. ಕೆಟ್ಟವನಲ್ಲ, ಮಂಡಿ ಊದಿಕೊಂಡಿದ್ದವು. ಅವನ ಮೇಜಿನ ಮೇಲೆ ಒಂದು ಡಬ್ಬಿ, ಅದಕ್ಕೊಂದು ಕೀಲಿ. ಕೀಲಿ ತಿರುಗಿಸಿದರೆ ಕೂಗು ನಿಲ್ಲುತ್ತದೆ, ಅದರ ಜೊತೆಗೇ ಬಾಗಿಲ ಬೀಗವೂ ತೆರೆದುಕೊಳ್ಳುತ್ತದೆ. ಯಾವ ಮಗುವಿನ ಬಿಲ್ಲೆ ಎಂದು ಡಬ್ಬಿಯ ಮೇಲೆ ಅಕ್ಷರ ಮೂಡುತ್ತದೆ. ಮಕ್ಕಳನ್ನೆಲ್ಲ ನೋಡಿ ಬಂದ ಮೇಲೆಯೇ ಕೀಲಿ ತಿರುಗಿಸಬೇಕೆಂದು ನಿಯಮ.

ಅವನೂ ಇವಳೂ ಸೇರಿ ನಿಯಮವನ್ನು ಹಿಂದುಮುಂದು ಮಾಡಿದರು. ಗಂಟೆ ಕೂಗಿದ ಕೂಡಲೇ, ಸಿಸ್ಟರ್ ಕೋಣೆಯಿಂದ ಹೊರಬರುವ ಮೊದಲೇ, ಕುರ್ಚಿಯಣ್ಣ ಕೀಲಿ ತಿರುಗಿಸುವುದು. “ನೋಡ್ಕೊಳಕ್ಕಾ!” ಎಂದು ಒಳಗೆ ಕೂಗಿ ಹೇಳುವುದು. ಇವಳು ಓಡಿಹೋಗಿ ಎಲ್ಲ ತೊಟ್ಟಿಲನ್ನೂ ನೋಡಿ, “ಇದಾವಣ್ಣ!” ಎನ್ನುವುದು. ಕೂಗು ಒಂದು ಸೀನಿನಷ್ಟು ಹೊತ್ತಿಗೆ ಮುಗಿದುಹೋಗುತ್ತಿತ್ತು. ಸಿಸ್ಟರ್ ತಲೆನೋವಿಲ್ಲದೆ ಕೆಲಸ ಮಾಡಿದರು. ಬಾಣಂತಿಯರು ಏಳುವುದನ್ನು ಬಿಟ್ಟರು. “ಇವರ ಯಂತ್ರಕ್ಕೆ ನೆಗಡಿ” ಎಂದು ಒಬ್ಬಳು ನಕ್ಕಳಂತೆ.

ನನಗೂ ಹೇಳಿದಳು. ನಾನು, “ಹೇಗೋ ನಡೀತಿದೆಯಲ್ಲ” ಎಂದೆ. ನಡೆಯುತ್ತಿತ್ತು ಕೂಡ.

ಆ ದಿನಗಳಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗಿ ಹೆತ್ತು ಮಲಗಿದ್ದಳು. ಗಂಡು ಮಗು. ಅವಳ ಅತ್ತೆ ದಿನವೂ ಬಂದು ಕಾಲ ಬುಡದಲ್ಲಿ ಕೂರುತ್ತಿದ್ದಳು. ಸೊಸೆ ಅತ್ತೆಯ ಕಡೆ ತಿರುಗುತ್ತಿರಲಿಲ್ಲ. ಆಸ್ಪತ್ರೆಯಿಂದ ಸೀದಾ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದು ಅವಳು ಗಂಡನಿಗೆ ಹೇಳಿದ್ದು ವಾರ್ಡಿಗೆಲ್ಲ ಕೇಳಿಸಿತ್ತು. ಅತ್ತೆ ಮಾತ್ರ ಮೊಮ್ಮಗನನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. “ಸ್ವಲ್ಪ ಕೆಳಗೆ ಬಿಡಿ ಅಜ್ಜಿ, ನಿಮ್ಮ ಬಿಸಿಗೆ ಕರಗಿಹೋದಾನು” ಎಂದು ನಮ್ಮವಳು ತಮಾಷೆ ಮಾಡಿದರೆ, ಆ ಅಜ್ಜಿ ನಗಲಿಲ್ಲವಂತೆ.

ಅವರನ್ನು ಮನೆಗೆ ಕಳಿಸುವುದಕ್ಕೆ ಇನ್ನೇನು ಒಂದು ದಿನ ಇತ್ತು. ಬೆಳಿಗ್ಗೆ ಸ್ನಾನದ ಹೊತ್ತು. ನಮ್ಮವಳು ಸ್ನಾನದ ಕೋಣೆಯಲ್ಲಿ ಬೇರೊಂದು ಮಗುವನ್ನು ನೀರಿಗೆ ಇಳಿಸಿದ್ದಳು. ತಲೆಗೆಲ್ಲ ಸೋಪಿನ ನೊರೆ. ಗಂಟೆ ಕೂಗಿತು, ಕೂಡಲೇ ನಿಂತಿತು.

“ನೋಡ್ಕೊಳಕ್ಕಾ!” ಎಂದ ಕುರ್ಚಿಯಣ್ಣ.

ಅವಳ ಎರಡೂ ಕೈ ನೀರಿನಲ್ಲಿದ್ದವು. ನೊರೆ ಮಗುವಿನ ಕಣ್ಣಿಗೆ ಇಳಿಯುತ್ತಿತ್ತು. “ಬಂದೆ ಬಂದೆ” ಎಂದಳು. ತಲೆ ತೊಳೆದಳು, ಮೈ ಒರೆಸಿದಳು, ಸುತ್ತಿ ಬೆಚ್ಚಗೆ ಮಲಗಿಸಿದಳು. ಅಷ್ಟು ಮುಗಿಸಿಯೇ ತೊಟ್ಟಿಲು ನೋಡಲು ಹೊರಟಳು.

ಕಿಟಕಿ ಪಕ್ಕದ ತೊಟ್ಟಿಲು ಬರಿದಾಗಿತ್ತು. ಹುಡುಗಿ ಆಗ ತಾನೇ ಬಚ್ಚಲಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

“ಮಗು ಎಲ್ಲಮ್ಮ?”

“ಅತ್ತೆ ಎತ್ಕೊಂಡಿದ್ರು. ಇಲ್ಲೇ ಪಡಸಾಲೇಲಿ ಓಡಾಡಿಸ್ತಿರ್ಬೇಕು.”

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಬಂದು ಕೇಳಿದರೆ ಕುರ್ಚಿಯಣ್ಣ, “ಅಜ್ಜಿನಾ? ಈಗ ತಾನೇ ಹೋದ್ರಲ್ಲ, ಶಾಲು ಹೊದ್ಕೊಂಡು. ಗಂಟೆ ಕೇಳಿ ಹೆದರಿ ನಿಂತಿದ್ರು. ‘ಹೋಗಮ್ಮ ಏನಿಲ್ಲ, ಇದು ದಿನಾ ಇರೋದೇ’ ಅಂತ ನಾನೇ ಕಳಿಸ್ದೆ” ಎಂದ. ಹೇಳುತ್ತ ಹೇಳುತ್ತ ಅವನ ಮುಖ ಬಿಳುಚಿತು. ಡಬ್ಬಿಯ ಮೇಲೆ ಅಕ್ಷರ ಮೂಡಿಯೇ ಇತ್ತು. ಅವನ ಕನ್ನಡಕ ಜೇಬಿನಲ್ಲಿತ್ತು.

ನಮ್ಮವಳು ಬಾಯಿ ತೆರೆದಳು. ಅವನು ಅವಳ ಕೈ ಹಿಡಿದ.

“ಕೂಗ್ಬೇಡ ಕಣಕ್ಕ. ಸ್ವಂತ ಅಜ್ಜಿ, ಎಲ್ಲಿ ಹೋಗ್ತಾಳೆ? ನೀನು ಸುಮ್ನೆ ಇಳಿದು ನೋಡು. ಸಿಸ್ಟರ್‌ಗೆ ಗೊತ್ತಾದ್ರೆ ನೀನೂ ಇಲ್ಲ, ನಾನೂ ಇಲ್ಲ.”

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ನಿಂತೆ ಅಕ್ಕ, ಎಂದು ಆಮೇಲೆ ನನಗೆ ಹೇಳಿದಳು. ಬಟ್ಟೆ ಕೋಣೆಯ ಬಿಸಿ ಮುಖಕ್ಕೆ ಹೊಡೆದ ಹಾಗಾಯಿತಂತೆ. ಅಷ್ಟರಲ್ಲಿ ಹಿಂದೆ ಆ ಹುಡುಗಿ ಹಾಸಿಗೆಯ ಕಂಬಿ ಹಿಡಿದು, “ಅಕ್ಕ, ಇದಾನಾ?” ಎಂದಳು.

“ಮಗು ಇಲ್ಲ!” ಎಂದು ನಮ್ಮವಳು ಕಿರಿಚಿದಳು. “ಸಿಸ್ಟರ್, ಮಗು ಇಲ್ಲ! ಕೆಳಗಿನ ಬಾಗಿಲು ಹಾಕ್ಸಿ!”

ಸಿಸ್ಟರ್ ಫೋನಿಗೆ ಓಡಿದರು. ಇವಳು ಮೆಟ್ಟಿಲಿಗೆ ಓಡಿದಳು. ಮೆಟ್ಟಿಲಿಳಿದು ವರ್ಷಗಳಾಗಿದ್ದವು, ಲಿಫ್ಟಿನಲ್ಲೇ ಓಡಾಡುವವಳು. ಒದ್ದೆ ಕಾಲಿನಲ್ಲಿ ಕಂಬಿ ಹಿಡಿದು ಇಳಿಯುತ್ತ ಎಲ್ಲೋ ಒಂದು ಕಡೆ ಮಂಡಿ ಕಳಕ್ಕೆಂದಿತು. ಲೆಕ್ಕಿಸಲಿಲ್ಲ.

ಕೆಳಗೆ ಹೊರಬಾಗಿಲನ್ನು ಹಾಕಿಯಾಗಿತ್ತು. ಗಾಜಿನ ಬಾಗಿಲಿಗೆ ಅಂಟಿದ ಹಾಗೆ ಆ ಅಜ್ಜಿ ನಿಂತಿದ್ದಳು. “ತೆಗೀರಪ್ಪ, ನನ್ನ ಮಗ ಕಾಯ್ತಿದಾನೆ” ಎಂದು ಅಲ್ಲಿನ ಕಾವಲುಗಾರನ ಹತ್ತಿರ ಬೇಡುತ್ತಿದ್ದಳು. ಹೊರಗೆ ಒಂದು ಕಾರು ನಿಂತಿತ್ತು, ಒಳಗೆ ಮಗ ಕೂತಿದ್ದ. ತಾಯಿ ಹೀಗೆ ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಕೊನೆಗೂ ತಿಳಿಯಲಿಲ್ಲ. ಶಾಲಿನ ಒಳಗೆ ಮಗು ಕುಂಯ್‌ಗುಟ್ಟಲು ಶುರುಮಾಡಿತ್ತು.

“ಕೊಡಿ ಅಜ್ಜಿ” ಎಂದಳು ನಮ್ಮವಳು, ಏದುಸಿರು ಬಿಡುತ್ತ.

“ನನ್ನ ಮೊಮ್ಮಗ ಕಣೇ ಇವನು! ನಾನೇನು ಕದ್ದ ಮಾಲು ಹೊತ್ಕೊಂಡು ಹೋಗ್ತಿದೀನಾ?”

“ನಿಮ್ಮೋನೇ. ಯಾರು ಇಲ್ಲ ಅಂದ್ರು? ಆದ್ರೆ ಹಸಿದಿದಾನೆ, ಹಾಲು ಮೇಲಿದೆ.”

ಅಜ್ಜಿ ಅಲ್ಲೇ ಗೋಡೆಗೆ ಒರಗಿದಳು. ಸಿಟ್ಟು ಇಳಿದು ಅಳು ಬಂತು. “ಅವಳು ತವರಿಗೆ ಹೋದ್ರೆ ತಿರುಗಿ ಬರಲ್ಲ ಕಣಮ್ಮ. ಕರು ನಮ್ಮ ಕೊಟ್ಟಿಗೇಲಿದ್ರೆ ಹಸು ತಾನಾಗೇ ಬರುತ್ತೆ ಅಂತ... ಇನ್ನೇನು ಮಾಡ್ಲಿ ಹೇಳು ನೀನೇ? ಮಗ ಬಾಯಿ ಬಿಡಲ್ಲ. ನಾನು ಬಾಯಿ ಬಿಟ್ರೆ ತಪ್ಪು.”

“ಹಸೂನ ಹಾಗೆ ನಡೆಸ್ಕೊಂಡು ಬಂದಿರ್ತೀರಿ, ಅದಕ್ಕೇ ಅವಳು ಹೊರಟಿರೋದು” ಎಂದು ನಮ್ಮವಳ ನಾಲಿಗೆಯ ತುದಿಗೆ ಬಂದಿತ್ತಂತೆ. ಎಷ್ಟು ಆಯಾಸವಾಗಿತ್ತೆಂದರೆ, ಬುದ್ಧಿ ಹೇಳುವುದಕ್ಕೂ ಉಸಿರಿರಲಿಲ್ಲ. ಎರಡು ಕೈ ಚಾಚಿದಳು. ಅಜ್ಜಿ ಶಾಲು ಸರಿಸಿ ಮಗುವನ್ನು ಕೊಟ್ಟಳು. ಕೊಡುವಾಗಲೂ ಕುತ್ತಿಗೆ ಹಿಡಿದೇ ಕೊಟ್ಟಳು ಎಂದು ಇವಳು ಎರಡು ಸಲ ಹೇಳಿದಳು.

ಮಗು ತಾಯಿಯ ಹತ್ತಿರ ಸೇರಿತು. ಹುಡುಗಿಯ ತವರಿನವರು ಅಂದೇ ಬಂದರು. ಪೊಲೀಸರಿಗೆ ಹೇಳುವುದು ಬೇಡವೆಂದು ಆ ಹುಡುಗಿಯೇ ಕೈ ಮುಗಿದಳಂತೆ. ಅವರ ಸಂಸಾರ ಆಮೇಲೆ ಏನಾಯಿತೋ ನಮಗೆ ಗೊತ್ತಿಲ್ಲ.

ಮಧ್ಯಾಹ್ನ ಸಿಸ್ಟರ್ ಕೋಣೆಯಲ್ಲಿ ವಿಚಾರಣೆ. ಆಸ್ಪತ್ರೆಯ ಮೇಲಿನವರು ಇಬ್ಬರು, ಯಂತ್ರ ಹಾಕಿದ ಕಂಪನಿಯವನು, ಕುರ್ಚಿಯಣ್ಣ, ಇವಳು. ಗಂಟೆ ಕೂಗಿಯೂ ಬಾಗಿಲು ತೆರೆದದ್ದು ಹೇಗೆ ಎನ್ನುವುದು ಪ್ರಶ್ನೆ. ಯಂತ್ರವೇ ಕೈಕೊಟ್ಟಿರಬೇಕು ಎಂದು ಒಬ್ಬರು ಹೇಳಿದರು. ಹಾಗೆಂದು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುರ್ಚಿಯಣ್ಣ ನೆಲ ನೋಡುತ್ತಿದ್ದ.

“ಯಂತ್ರ ಕೆಟ್ಟಿಲ್ಲ,” ಎಂದಳು ನಮ್ಮವಳು. “ಮೊದ್ಲು ಕೀಲಿ ತಿರುಗ್ಸಿ ಆಮೇಲೆ ನೋಡ್ತಿದ್ವಿ. ನಾವಿಬ್ರೂ ಮಾತಾಡ್ಕೊಂಡಿದ್ವಿ. ಸುಮ್ಮನೆ ಕೂಗಿ ಕೂಗಿ ಸಾಕಾಗಿತ್ತು.”

“ಸುಮ್ಮನೆ ಯಾಕೆ ಕೂಗುತ್ತೆ?” ಎಂದ ಕಂಪನಿಯವನು. ಒಂದು ಮಗುವಿನ ಕಾಲು ನೋಡಬೇಕೆಂದ. ತೊಟ್ಟಿಲೊಂದನ್ನು ತಂದರು. ಪಟ್ಟಿಯ ಅಡಿಯಿಂದ ಅವನು ಬಟ್ಟೆಯ ಮಡಿಕೆ ಎಳೆದ. “ಇದೇನಿದು?”

“ಚರ್ಮಕ್ಕೆ ಗೆರೆ ಬೀಳದಿರಲಿ ಅಂತ.”

“ಬಿಲ್ಲೆ ಮಗುವಿನ ಚರ್ಮಕ್ಕೆ ತಾಗ್ತಿರಬೇಕಮ್ಮ. ಮಗು ಕಾಲು ಆಡಿಸ್ದಾಗ ಬಟ್ಟೆ ಜರುಗಿ ಬಿಲ್ಲೆ ಅಡಿಗೆ ಹೋದ್ರೆ, ಪಟ್ಟಿ ಕಳಚಿಬಿಡ್ತು ಅಂತ ಯಂತ್ರ ತಿಳ್ಕೊಳ್ಳುತ್ತೆ. ಮೊದಲ ದಿನಾನೇ ಎಲ್ರಿಗೂ ಹೇಳಿದ್ನಲ್ಲ!”

ಮೊದಲ ದಿನ ಅವನು ನರ್ಸುಗಳಿಗೆ ಹೇಳುತ್ತಿದ್ದಾಗ ಇವಳು ಒಳಗೆ ಮಕ್ಕಳಿಗೆ ನೀರು ಹಾಕುತ್ತಿದ್ದಳು. ಬಟ್ಟೆಯನ್ನು ದಿನವೂ ನೋಡುತ್ತಿದ್ದ ಸಿಸ್ಟರ್ ಅದು ಇದು ಎಂದು ಮೇಜಿನ ಮೇಲೆ ಏನೋ ಹುಡುಕಿದರು. ಇವಳು ಆ ತುಂಡು ಬಟ್ಟೆಯನ್ನು ಕೈಗೆ ತೆಗೆದುಕೊಂಡು ನಿಂತಳು. ನನ್ನ ಸೀರೆಯ ಅಂಚು ಅದರಲ್ಲಿ ಇನ್ನೂ ಕಾಣುತ್ತಿತ್ತಂತೆ.

ಕುರ್ಚಿಯಣ್ಣನನ್ನು ಗಾಡಿ ನಿಲ್ಲಿಸುವ ಜಾಗಕ್ಕೆ ಹಾಕಿದರು. “ನೀನೂ ಮುಳುಗ್ದೆ, ನನ್ನನ್ನೂ ಮುಳುಗಿಸ್ದೆ. ಮಗು ಸಿಕ್ತಲ್ಲ, ಹೇಳೋದೇನಿತ್ತು?” ಎಂದು ಅವನು ದಾರಿಯಲ್ಲಿ ಜಗಳಕ್ಕೆ ನಿಂತ. “ನಾಳೆ ಇನ್ನೊಬ್ಬ ಅದೇ ಕುರ್ಚೀಲಿ ಕೂತು ಅದೇ ಕೀಲಿ ತಿರುಗಿಸ್ತಿದ್ದ ಕಣಣ್ಣ” ಎಂದಳು. ಅದಕ್ಕೆ ಅವನು, “ತಿರುಗಿಸ್ಲಿ ಬಿಡು, ನನಗೇನು” ಎಂದು ಹೋದ. ಬಹಳ ದಿನ ಮಾತಾಡಿಸಲಿಲ್ಲ.

ಇವಳನ್ನು ಬಟ್ಟೆ ಕೋಣೆಗೆ ಹಾಕಿದರು.

ಮತ್ತೆ ಅದೇ ಹಬೆ. ಬೆರಳು ಮತ್ತೆ ಬಿರಿದವು. ನಾನು ಸಂಜೆ ಎಣ್ಣೆ ಕಾಯಿಸಿ ಹಚ್ಚುತ್ತಿದ್ದೆ, ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ದೂರು ಹೇಳಲಿಲ್ಲ. ಮೇಲೆ ಗಂಟೆಯ ಕಾಟ ನಿಂತಿದೆಯಂತೆ ಎಂದು ಒಂದು ದಿನ ತಾನಾಗಿ ಹೇಳಿದಳು. ಬಟ್ಟೆ ತೆಗೆದ ಮೇಲೆ ಯಂತ್ರ ಸುಮ್ಮನಾಗಿತ್ತು. ಕೀಲಿಯನ್ನೂ ಬದಲಾಯಿಸಿ, ಕೂಗು ನಿಲ್ಲಿಸಲು ಒಂದು, ಬೀಗ ತೆಗೆಯಲು ಸಿಸ್ಟರ್ ಹತ್ತಿರ ಇನ್ನೊಂದು ಎಂದು ಮಾಡಿದ್ದರು. “ಕಾಲಿಗೆ ಗೆರೆ ಬೀಳುತ್ತಂತಾ?” ಎಂದೆ. “ಬೀಳುತ್ತೆ, ಬಿದ್ದೇ ಬೀಳುತ್ತೆ. ಅದಕ್ಕೇ ದಿನಾ ಕಾಲು ಬದಲಾಯ್ಸಿ ಕಟ್ತಾರಂತೆ” ಎಂದಳು. ಆಮೇಲೆ, “ಅಷ್ಟು ನನಗೆ ಹೊಳೀಲಿಲ್ಲ ನೋಡು” ಎಂದಳು.

ಕೆಲವು ತಿಂಗಳಾದ ಮೇಲೆ ಸಿಸ್ಟರ್ ಬಟ್ಟೆ ಕೋಣೆಗೆ ಇಳಿದು ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಸ್ನಾನ ಮಾಡಿಸುವ ಹೊಸ ಹೆಂಗಸಿನ ಕೈಯಲ್ಲಿ ಮಕ್ಕಳು ಅತ್ತೂ ಅತ್ತೂ ನೀಲಿಯಾಗುತ್ತವೆ ಎಂದರು. ಮೇಲಿನವರ ಹತ್ತಿರ ಮಾತಾಡಿದ್ದೇನೆ, ನಾಳೆಯಿಂದ ವಾಪಸ್ ಬಾ ಎಂದರು. ನಾಳೆ ಹೇಳುತ್ತೇನೆ ಎಂದು ಇವಳು ಮನೆಗೆ ಬಂದಳು.

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. “ಹೋಗೇ, ಇದಕ್ಕೇ ತಾನೇ ಅಳ್ತಿದ್ದೆ?” ಎಂದೆ.

ಅವಳು ಮಂಡಿಯನ್ನು ಎರಡು ಕೈಯಿಂದ ಹಿಡಿದು ಕಾಲು ಚಾಚಿದಳು. ಮೆಟ್ಟಿಲಲ್ಲಿ ಕಳಕ್ಕೆಂದ ಮಂಡಿ ಮತ್ತೆ ನೆಟ್ಟಗಾಗಿರಲಿಲ್ಲ.

“ಆಸೆ ಇದೆ ಅಕ್ಕ,” ಎಂದಳು. “ಸುಳ್ಳು ಹೇಳಲ್ಲ, ತುಂಬ ಆಸೆ ಇದೆ. ಆದ್ರೆ ಈಗ ಆ ಗಂಟೆ ಕೂಗಿದ್ರೆ ನಿಜವಾಗೇ ಕೂಗುತ್ತೆ. ಕೂಗಿದಾಗ ಎದ್ದು ಓಡೋರು ಬೇಕು ಅಲ್ಲಿ. ನನ್ನ ಕೈಗೆ ಕೆಲಸ ಬರುತ್ತೆ, ಕಾಲಿಗೆ ಬರಲ್ಲ.”

“ಓಡೋಕೆ ಬೇರೆಯವರಿಲ್ವಾ?”

“ನಾವೂ ಹಾಗೇ ಅಂದ್ಕೊಂಡಿದ್ವಿ. ಅಕ್ಕ ಓಡ್ತಾಳೆ ಅಂತ ಕುರ್ಚಿಯಣ್ಣ, ಅಣ್ಣ ನೋಡ್ತಾನೆ ಅಂತ ನಾನು.”

ನಾನು ಒಳಗೆ ಹೋಗಿ ಎಣ್ಣೆ ಬಟ್ಟಲು ತಂದೆ. ಮಾರನೆಯ ಬೆಳಿಗ್ಗೆ ಅವಳು ಸಿಸ್ಟರ್ ಹತ್ತಿರ ಹೋಗಿ, ಆ ಹೊಸ ಹೆಂಗಸನ್ನು ಒಂದು ವಾರ ನನ್ನ ಜೊತೆ ಬಿಡಿ, ನೀರಿಗೆ ಇಳಿಸುವುದನ್ನು ತೋರಿಸಿಕೊಡುತ್ತೇನೆ, ಆಮೇಲೆ ನಾನು ಕೆಳಗೇ ಇರುತ್ತೇನೆ ಎಂದು ಹೇಳಿ ಬಂದಳು. ವಾರ ಮುಗಿಯಿತು. ಈಗಲೂ ಬಟ್ಟೆ ಕೋಣೆಯಲ್ಲೇ ಇದ್ದಾಳೆ. ಹೊಸಬಳ ಕೈಯಲ್ಲಿ ಮಕ್ಕಳು ಇನ್ನೂ ಸ್ವಲ್ಪ ಅಳುತ್ತವಂತೆ. “ಅಳ್ಲಿ ಬಿಡು,” ಎನ್ನುತ್ತಾಳೆ, “ಅವಳ ಕಾಲು ಗಟ್ಟಿ ಇದೆ.”